ಮೊಯೆಲ್ ಗೆರ್ವಿನ್‌ನ ಇಳಿತ

ಯೋರ್ವರ್ತ್ ಬೆವನ್ ದುರ್ಬೀನಿಗೆ ಕಣ್ಣಿಟ್ಟು ಕೂಗಿ ಹೇಳಿದ ಅಂಕಿ ತಪ್ಪೆಂದು ಟೆಗ್ವೆನ್‌ಗೆ ತಕ್ಷಣ ಗೊತ್ತಾಯಿತು. ಆದರೂ ಅವಳು ಅದನ್ನು ಹಾಗೆಯೇ ಬರೆದುಕೊಂಡಳು.

ಬೆಟ್ಟದ ನೆತ್ತಿಯಲ್ಲಿ ಹತ್ತು ಹೆಜ್ಜೆ ಅಂತರದಲ್ಲಿ ಎರಡು ಬಂಡೆಗಳಿದ್ದವು. ಯಾವುದು ಎತ್ತರ ಎಂಬುದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಅವಳು ಅಳತೆಗೋಲನ್ನು ಮೊದಲ ಬಂಡೆಯ ಮೇಲೆ ನೆಟ್ಟಗೆ ಹಿಡಿದಾಗ ಅವನು ಒಂದು ನಲವತ್ತೆರಡು ಎಂದಿದ್ದ. ಎರಡನೆಯದರ ಮೇಲೆ ಒಂದು ಮೂವತ್ತೊಂಬತ್ತು. ಖಾತ್ರಿ ಮಾಡಿಕೊಳ್ಳಲೆಂದು ಮತ್ತೆ ಮೊದಲ ಬಂಡೆಗೆ ಬಂದು ಕೋಲು ಹಿಡಿದರೆ, ಒಂದು ಇಪ್ಪತ್ನಾಲ್ಕು ಎಂದ. ಅದೇ ಬಂಡೆ, ಅದೇ ಗುರುತು. ಕೋಲಿನ ಅಂಕಿ ಇಳಿದಷ್ಟೂ ಬಂಡೆ ಎತ್ತರ ಎಂದರ್ಥ; ಐದು ನಿಮಿಷದಲ್ಲಿ ಅದು ಹದಿನೆಂಟು ಸೆಂಟಿಮೀಟರ್ ಬೆಳೆದುಬಿಟ್ಟಿತ್ತು.

ತಾನೊಮ್ಮೆ ನೋಡುತ್ತೇನೆಂದು ಕೋಲನ್ನು ಅವನ ಕೈಗೆ ಕೊಟ್ಟು ಟೆಗ್ವೆನ್ ದುರ್ಬೀನಿಗೆ ಬಗ್ಗಿದಳು. ಒಂದು ನಲವತ್ತೆರಡು. ಪುಸ್ತಕದಲ್ಲಿ ಬರೆದದ್ದರ ಮೇಲೆ ಗೀಟೆಳೆದಳು. ಯೋರ್ವರ್ತ್ ಆ ಗೀಟನ್ನು ನೋಡಿದ. ನೋಡಿ, ತೋಳಿನಿಂದ ಮೂಗೊರೆಸಿಕೊಂಡು, ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದ. ಗಾಳಿ ಅವನ ಬೆನ್ನಿಗಿತ್ತು.

ಒಂಬತ್ತು ವರ್ಷಗಳಲ್ಲಿ ಅವನ ಒಂದೇ ಒಂದು ಅಂಕಿ ತಪ್ಪಿದ್ದನ್ನೂ ಅವಳು ಕಂಡಿರಲಿಲ್ಲ.

ಟೆಗ್ವೆನ್ ವೇಲ್ಸಿನ ಬಾಲಾ ಪಟ್ಟಣದ ಸುತ್ತಲಿನ ಕಣಿವೆಗಳಿಗೆ ಗ್ರಂಥಾಲಯದ ವ್ಯಾನು ಓಡಿಸುವವಳು, ಐವತ್ತಾರರ ಒಂಟಿ ಹೆಂಗಸು. ಒಂಬತ್ತು ವರ್ಷದ ಹಿಂದೆ ಹಳೆಯ ನಕಾಶೆಗಳ ಪುಸ್ತಕ ಕೇಳಿಕೊಂಡು ವ್ಯಾನಿಗೆ ಹತ್ತಿದ ಯೋರ್ವರ್ತ್, ಪುಸ್ತಕವನ್ನು ಹಿಂದಿರುಗಿಸುವಾಗ, ಕೋಲು ಹಿಡಿಯಲು ಒಬ್ಬರು ಬೇಕಾಗಿದ್ದಾರೆ, ಬರುತ್ತೀಯಾ ಎಂದು ಕೇಳಿದ್ದ. ಅಂದಿನಿಂದ ಅವರದು ಇದೇ ಕೆಲಸ. ಅವನು ರಸ್ತೆ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು, ಈಗ ಎಪ್ಪತ್ತಮೂರು ವರ್ಷ. ಆದರೆ ಜನ ಅವನನ್ನು ಬಲ್ಲದ್ದು ಅವನ ಪಟ್ಟಿಯಿಂದ. ವೇಲ್ಸಿನ ಯಾವ ಬೆಟ್ಟ ಪರ್ವತ, ಯಾವುದು ಬರಿಯ ಗುಡ್ಡ ಎಂದು ಹೇಳುವ ಪಟ್ಟಿ ಅದು. ಎರಡು ಸಾವಿರ ಅಡಿ ಮುಟ್ಟಬೇಕು, ಅದು ಮೊದಲನೆಯದು. ಅಷ್ಟೇ ಸಾಲದು, ಬೆಟ್ಟಕ್ಕೆ ತನ್ನದೇ ಆದ ಇಳಿತ ಇರಬೇಕು. ಅಂದರೆ ಅದರ ನೆತ್ತಿಯಿಂದ ಅದಕ್ಕಿಂತ ಎತ್ತರದ ಪಕ್ಕದ ಬೆಟ್ಟಕ್ಕೆ ಹೋಗುವವನು ನಡುವೆ ಕನಿಷ್ಠ ಮೂವತ್ತು ಮೀಟರಾದರೂ ಕೆಳಗಿಳಿಯಲೇಬೇಕು. ಇಲ್ಲವಾದರೆ ಅದು ಪಕ್ಕದ ಬೆಟ್ಟದ ಭುಜವೇ ಹೊರತು ಬೇರೆ ಬೆಟ್ಟವಲ್ಲ. ಸರ್ಕಾರಿ ನಕಾಶೆಯ ಅಂಕಿಗಳನ್ನು ನಂಬದೆ, ಅನುಮಾನವಿದ್ದ ಬೆಟ್ಟಗಳನ್ನೆಲ್ಲ ಅವನು ತಾನೇ ಹತ್ತಿ ಅಳೆದಿದ್ದ. ಉಳಿದದ್ದು ಮೊಯೆಲ್ ಗೆರ್ವಿನ್ ಒಂದೇ. ನಕಾಶೆಯ ಪ್ರಕಾರ ಆರುನೂರ ಒಂಬತ್ತು ಮೀಟರ್, ಎರಡು ಸಾವಿರ ಅಡಿಗೆ ಅರ್ಧ ಮೀಟರಿನಷ್ಟು ಕಡಿಮೆ. ಇಳಿತ ಇಪ್ಪತ್ತೆಂಟೋ ಮೂವತ್ತೆರಡೋ ಯಾರಿಗೂ ಗೊತ್ತಿರಲಿಲ್ಲ.

ಆ ಅಕ್ಟೋಬರ್ ಬೆಳಗ್ಗೆ ಬೆಟ್ಟದ ಬುಡದ ಹೆಂಡ್ರೆ ವೆನ್ ಎಂಬ ಕುರಿ ಸಾಕುವವರ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಒಡತಿ ಬೆಟಿ ಹೊರಗೆ ಬಂದು ಎಂದಿನಂತೆ ಕುಟುಕಿದ್ದಳು.

"ರಾತ್ರಿ ಮಲಗುವಾಗ ಗುಡ್ಡ, ಬೆಳಗ್ಗೆ ಎದ್ರೆ ಪರ್ವತ. ನಮ್ಮ ಕುರಿಗಳಿಗೆ ಯಾರ್ರೀ ಹೇಳ್ಬೇಕು ಇದನ್ನೆಲ್ಲ?"

ಅಂಥ ಮಾತಿಗೆ ತಿರುಗೇಟು ಕೊಡದೆ ಬಿಡುವವನಲ್ಲ ಯೋರ್ವರ್ತ್. ಅಂದು ಅವನು ನಕ್ಕು, "ಸರಿ ಮಾರ್ಗಿಯಡ್, ಸಂಜೆ ಹೇಳ್ತೀವಿ" ಎಂದ. ಮಾರ್ಗಿಯಡ್ ಬೆಟಿಯ ತಾಯಿ, ತೀರಿಕೊಂಡು ಹತ್ತಾರು ವರ್ಷವಾಗಿತ್ತು. ಬೆಟಿ ಟೆಗ್ವೆನ್‌ಳ ಮುಖ ನೋಡಿದಳು. ಟೆಗ್ವೆನ್ ಬೂಟಿನ ದಾರ ಕಟ್ಟಲು ಬಗ್ಗಿದಳು. ಅದಕ್ಕೂ ಮೊದಲು, ಬರುವ ದಾರಿಯಲ್ಲಿ, ಅವನು ನಲವತ್ತು ವರ್ಷ ಓಡಾಡಿದ ಕವಲಿನಲ್ಲಿ ತಿರುವು ತಪ್ಪಿಸಿ ಎರಡು ಮೈಲಿ ಮುಂದೆ ಹೋಗಿದ್ದ. ಅದನ್ನೂ ಅವಳು ಯಾರಿಗಾದರೂ ಆಗುವಂಥದ್ದು ಎಂದುಕೊಂಡು ಸುಮ್ಮನಾಗಿದ್ದಳು. ಈಗ ಮೂರೂ ಒಟ್ಟಿಗೆ ಬಂದು ಎದೆಯ ಮೇಲೆ ಕುಳಿತವು.

ಎತ್ತರದ ಬಂಡೆಯ ಮೇಲೆ ಮುಕ್ಕಾಲಿ ಹೂಡಿ ಅದರ ಮೇಲೆ ಜಿಪಿಎಸ್ ಯಂತ್ರ ಕೂರಿಸಿದರು. ಉಪಗ್ರಹಗಳಿಂದ ಲೆಕ್ಕ ಹಿಡಿಯಲು ಅದಕ್ಕೆ ಎರಡು ಗಂಟೆ ಬೇಕು. ಅಷ್ಟು ಹೊತ್ತು ಬಂಡೆಯ ಮರೆಯಲ್ಲಿ ಕುಳಿತು ಒಣದ್ರಾಕ್ಷಿಯ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದು, ಫ್ಲಾಸ್ಕಿನ ಚಹಾ ಕುಡಿದರು. ಯಂತ್ರ ಚಾಲೂ ಮಾಡಿದೆಯಾ ಎಂದು ಯೋರ್ವರ್ತ್ ಕೇಳಿದ. ಮಾಡಿದೆ ಎಂದಳು. ಒಂದು ತುಂಡು ಬ್ರೆಡ್ಡು ಮುಗಿಯುವುದರೊಳಗೆ ಮತ್ತೆ ಕೇಳಿದ. ಮೂರನೆಯ ಸಲ ಅವನು ಬಾಯಿ ತೆರೆದಾಗ ಅವಳೇ ಮುಂಚಿತವಾಗಿ, ಓಡುತ್ತಿದೆ ನೋಡಿ, ಹಸಿರು ದೀಪ ಎಂದು ತೋರಿಸಿದಳು. ಅವನು ದೀಪವನ್ನು ಬಹಳ ಹೊತ್ತು ನೋಡುತ್ತ ಕುಳಿತ. ಈಗಲೇ ಇಳಿದುಬಿಡೋಣ ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಎಪ್ಪತ್ತಮೂರು ವರ್ಷದ ಮನುಷ್ಯನ ಮುಖಕ್ಕೆ ನೇರವಾಗಿ ಹೇಳುವ ಮಾತೇ ಅದು? ಫ್ಲಾಸ್ಕಿನ ಮುಚ್ಚಳ ಬಿಗಿದಳು.

ಎರಡು ಗಂಟೆ ತುಂಬಿದ ಮೇಲೆ ಸಾಮಾನು ಹೊತ್ತು ಬೆಟ್ಟದ ಬೆನ್ನಿನ ಮೇಲೆ ಉತ್ತರಕ್ಕೆ ನಡೆದರು. ಆಚೆಗೆ ಇನ್ನೂ ಎತ್ತರದ ಕ್ರೇಗ್ ವ್ರಾನ್ ಬೆಟ್ಟ. ಎರಡರ ನಡುವಿನ ತಗ್ಗನ್ನು ಅಳೆದರೆ ಇಳಿತ ತಿಳಿಯುತ್ತದೆ. ಪಶ್ಚಿಮಕ್ಕೆ ಹುಲ್ಲಿನ ಇಳಿಜಾರು, ಅದರ ಬುಡದಲ್ಲಿ ಬೆಟಿಯ ಮನೆ. ಪೂರ್ವಕ್ಕೆ ಕಡಿದು ನಿಲ್ಲಿಸಿದಂಥ ಕಪ್ಪು ಬಂಡೆಯ ಪ್ರಪಾತ, ಇನ್ನೂರು ಮೀಟರ್ ಆಳ. ಬೆಳಗಿನಿಂದ ಗಾಳಿ ಪಶ್ಚಿಮದಿಂದಲೇ ಬೀಸುತ್ತಿದ್ದು, ಉತ್ತರಕ್ಕೆ ನಡೆಯುವಾಗ ಎಡಗೆನ್ನೆ ಮರಗಟ್ಟಿತು.

ತಗ್ಗಿನಲ್ಲಿ ದುರ್ಬೀನು ಹಿಡಿದು ನಡುಜಾಗ ಹುಡುಕುವಷ್ಟರಲ್ಲಿ ಕ್ರೇಗ್ ವ್ರಾನ್‌ನ ತಲೆ ಕಾಣದಾಯಿತು. ಆಮೇಲೆ ಅದರ ಭುಜ. ಮುಕ್ಕಾಲಿ ಹೂಡಿ ಯಂತ್ರದ ಗುಂಡಿ ಒತ್ತುವ ಹೊತ್ತಿಗೆ ಮಂಜು ಅವರನ್ನೂ ಮುಚ್ಚಿತು. ನಾಲ್ಕು ಹೆಜ್ಜೆ ಆಚೆಯ ಯೋರ್ವರ್ತ್ ಬೂದು ಬಣ್ಣದ ನೆರಳಾಗಿ ನಿಂತಿದ್ದ. ಮಂಜು ಅವರಿಗೆ ಹೊಸದಲ್ಲ. ಎಷ್ಟೋ ಸಲ ಅದರೊಳಗೇ ಕುಳಿತು ಎರಡು ಗಂಟೆ ಕಳೆದಿದ್ದರು. ಅವನು ದಿಕ್ಸೂಚಿ ಹಿಡಿದು ಮುಂದೆ, ಅವಳು ಹಿಂದೆ. ಆದರೆ ಅಂದು ಅವಳು ಅವನ ಪಕ್ಕಕ್ಕೇ ಸರಿದು ಕುಳಿತಳು.

ನಲವತ್ತು ನಿಮಿಷ ಕಳೆದಿರಬೇಕು. ಯೋರ್ವರ್ತ್ ಎದ್ದವನೇ ಯಂತ್ರವನ್ನು ಮುಕ್ಕಾಲಿಯಿಂದ ಬಿಚ್ಚತೊಡಗಿದ.

"ಇನ್ನೂ ಎರಡು ಗಂಟೆ ಆಗಿಲ್ಲ, ಯೋರ್ವರ್ತ್. ನಲವತ್ತು ನಿಮಿಷ ಅಷ್ಟೇ ಆಗಿರೋದು."

"ಆಯ್ತು ಅಂದ್ನಲ್ಲ. ನಂಗೆ ಗಡಿಯಾರ ನೋಡೋಕೆ ಬರಲ್ವಾ?"

ಅವನ ದನಿಯಲ್ಲಿ ಸಿಟ್ಟಿತ್ತು. ಅದುವರೆಗೆ ಅವನು ಅವಳ ಮೇಲೆ ಸಿಟ್ಟಾದದ್ದೇ ಇರಲಿಲ್ಲ. ಯಂತ್ರವನ್ನು ಚೀಲಕ್ಕೆ ತುರುಕಿ, ಮುಕ್ಕಾಲಿಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಅವಳು ದುರ್ಬೀನಿನ ಪೆಟ್ಟಿಗೆಯನ್ನೂ ಕೋಲನ್ನೂ ಎತ್ತಿಕೊಂಡು ಓಡಿದಳು. ಒಂದು ಗಳಿಗೆ ತಡಮಾಡಿದ್ದರೆ ಅವನು ಕಣ್ಮರೆಯಾಗುತ್ತಿದ್ದ.

ಅವನು ವೇಗವಾಗಿ, ಒಂದಿಷ್ಟೂ ಅನುಮಾನವಿಲ್ಲದೆ ನಡೆಯುತ್ತಿದ್ದ. ಆ ಧೈರ್ಯದ ನಡಿಗೆಯನ್ನು ನೋಡಿ ಅವಳಿಗೆ ಸಮಾಧಾನವೂ ಆಯಿತು, ತಾನೇ ಅತಿಯಾಗಿ ಯೋಚಿಸುತ್ತಿದ್ದೇನೆ ಎನಿಸಿತು. ಸ್ವಲ್ಪ ದೂರ ಹೋದ ಮೇಲೆ ಅವಳ ಕೋಟಿನ ಟೋಪಿ ಹಿಂದಿನಿಂದ ಹಾರಿ ಹಣೆಯ ಮೇಲೆ ಬಿತ್ತು. ಅದನ್ನು ಸರಿಮಾಡಿಕೊಳ್ಳುವಾಗ ಕೈ ಅಲ್ಲೇ ನಿಂತಿತು. ಮನೆಗೆ ಇಳಿಯುವುದು ಪಶ್ಚಿಮಕ್ಕೆ. ಗಾಳಿ ಮುಖಕ್ಕೆ ಹೊಡೆಯಬೇಕಿತ್ತು. ಅದು ಬೆನ್ನಿಗೆ ಹೊಡೆಯುತ್ತಿತ್ತು.

ಗಾಳಿಯೇ ತಿರುಗಿರಬಹುದೇ? ಬೆಟ್ಟದ ಮೇಲೆ ತಿರುಗುವುದುಂಟು. ನಲವತ್ತು ವರ್ಷದಿಂದ ಈ ಬೆಟ್ಟಗಳಲ್ಲಿ ನಡೆದವನು ಅವನು. ತಾನು ಒಂಬತ್ತು ವರ್ಷ ಅವನ ಬೆನ್ನನ್ನು ನೋಡುತ್ತ ನಡೆದವಳು. ದಿಕ್ಸೂಚಿ ಇದ್ದದ್ದು ಅವನ ಕೊರಳಲ್ಲಿ. ಒಮ್ಮೆ ಕೊಡಿ ಎಂದು ಕೇಳಿದಳು. ತನಗೇ ದಿಕ್ಕು ಕಲಿಸಲು ಹೊರಟೆಯಾ ಎಂದು ಅವನು ಅದನ್ನು ಅಂಗಿಯೊಳಗೆ ಸೇರಿಸಿಕೊಂಡ. ಬೇಲಿ ಎಲ್ಲಿ ಎಂದು ತನ್ನಷ್ಟಕ್ಕೆ ಗೊಣಗಿದ. ಆ ಬೆಟ್ಟದ ಮೇಲೆ ಬೇಲಿಯೇ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಬಾ ಬಾ, ಬೇಲಿ ಸಿಕ್ಕಿದ್ರೆ ಆಯ್ತು. ಅದನ್ನ ಹಿಡ್ಕೊಂಡು ಇಳಿದ್ರೆ ಕಲ್ಲಿನ ಗಣಿ. ಎಮ್ಲಿನ್ ಅಲ್ಲೇ ಕಾರು ನಿಲ್ಲಿಸ್ಕೊಂಡಿರ್ತಾನೆ."

ಎಮ್ಲಿನ್ ಅವನ ಹಳೆಯ ಜೊತೆಗಾರ, ಅವಳಿಗಿಂತ ಮೊದಲು ಕೋಲು ಹಿಡಿಯುತ್ತಿದ್ದವನು. ಅವನು ಸತ್ತು ಹನ್ನೆರಡು ವರ್ಷವಾಗಿತ್ತು. ಅವಳು ಅವನನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು.

ಮುಂದೆ ನಡೆಯುತ್ತಿದ್ದ ಮನುಷ್ಯ ಈ ಬೆಟ್ಟದ ಮೇಲೆ ಇರಲಿಲ್ಲ. ಎಲ್ಲಿಯದೋ ಇನ್ನೊಂದು ಬೆಟ್ಟವನ್ನು, ಎಂದಿನದೋ ಒಂದು ದಿನದಲ್ಲಿ ಇಳಿಯುತ್ತಿದ್ದ, ಆದರೆ ಅವನ ಕಾಲುಗಳಿದ್ದದ್ದು ಇಲ್ಲಿ. ಅವಳು ಕೂಗಿದಳು. ನಿಲ್ಲಿ ಎಂದಳು, ಬೇಡಿಕೊಂಡಳು, ಚೀಲ ಹಿಡಿದು ಎಳೆದಳು. ಅವನು ದೊಡ್ಡ ಆಳು. ಭುಜ ಕೊಡವಿದ್ದಕ್ಕೇ ಅವಳು ಮೊಣಕಾಲೂರಿ ಬಿದ್ದಳು. ಕಾಲಡಿಯ ಜೌಗು ಮುಗಿದು ನೆಲ ಗಟ್ಟಿಯಾಗಿದೆ ಎಂಬುದು ಬಿದ್ದಾಗ ತಿಳಿಯಿತು. ಗಿಡ್ಡ ಹುಲ್ಲು, ಅಲ್ಲಲ್ಲಿ ಕಲ್ಲು. ಅವಳು ಎದ್ದು ನಿಂತದ್ದೇ ತಡ, ಒಂದು ದೊಡ್ಡ ಕಾಗೆ ಕೂಗಿತು.

ಕೂಗು ಬಂದದ್ದು ತಲೆಯ ಮೇಲಿನಿಂದಲ್ಲ, ಕಾಲ ಕೆಳಗಿನಿಂದ.

ಯೋರ್ವರ್ತ್ ಅವಳಿಗಿಂತ ಮೂರು ಹೆಜ್ಜೆ ಮುಂದಿದ್ದ. ಅವನ ಬೂಟಿಗೆ ತಾಗಿದ ಒಂದು ಕಲ್ಲು ಉರುಳಿ ಬಿಳುಪಿನೊಳಗೆ ಹೋಯಿತು. ಅವಳು ಕಿವಿಗೊಟ್ಟು ನಿಂತಳು. ಏನೂ ಕೇಳಲಿಲ್ಲ. ಇನ್ನೂ ಕೇಳಲಿಲ್ಲ. ಕೊನೆಗೆ, ಬೇರೆ ಯಾವುದೋ ಊರಿನಲ್ಲಿ ಬಿದ್ದಂತೆ, ಸಣ್ಣಗೆ ಟಣ್ ಎಂದಿತು.

ಹಿಡಿಯಲು ಹೋದರೆ ಅವನು ಕೊಡವುತ್ತಾನೆ, ಇಬ್ಬರೂ ಹೋಗುತ್ತೇವೆ. ಕಿರುಚಿದರೆ ಹಟಕ್ಕೆ ಇನ್ನೊಂದು ಹೆಜ್ಜೆ ಇಡುತ್ತಾನೆ. ಏನು ಹೇಳಬೇಕೆಂದು ಅವಳು ಯೋಚಿಸಿದ್ದಲ್ಲ, ಬಾಯಿಗೆ ತಾನೇ ಬಂತು. ದನಿ ನಡುಗದಂತೆ, ದಿನವೂ ಕೆಲಸದ ನಡುವೆ ಕೇಳುವ ಹಾಗೆ ಕೇಳಿದಳು:

"ಯೋರ್ವರ್ತ್, ಇಲ್ಲೊಂದು ರೀಡಿಂಗ್ ತಗೋಬೇಕಲ್ಲ. ಪುಸ್ತಕದಲ್ಲಿ ಈ ಜಾಗ ಖಾಲಿ ಇದೆ."

ಎತ್ತಿದ್ದ ಕಾಲು ನಿಂತಿತು.

"ಖಾಲಿನಾ?"

"ಖಾಲಿ."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ" ಎಂದು ಬೈಯುತ್ತ ಅವನು ತಿರುಗಿದ.

ಅವನು ಮುಕ್ಕಾಲಿಯ ಕಾಲುಗಳನ್ನು ಬಿಡಿಸಿ, ಒಂದೊಂದನ್ನೂ ತುಳಿದು ನೆಲಕ್ಕೆ ಕೂರಿಸಿ, ಮಟ್ಟದ ಗುಳ್ಳೆಯನ್ನು ನಡುವಿಗೆ ತಂದ. ಬೆರಳುಗಳಿಗೆ ಏನೂ ಮರೆತಿರಲಿಲ್ಲ. ಹಿಂದಿನ ಕಾಲು ನೆಟ್ಟ ಜಾಗದಿಂದ ಅಂಚು ಎಷ್ಟು ದೂರವೆಂದು ಅವಳು ನೋಡಲಿಲ್ಲ. ನೋಡಿದ್ದರೆ ಕೈ ಆಡುತ್ತಿರಲಿಲ್ಲ. ಯಂತ್ರದ ಪರದೆ ಬೆಳಗಿತು, ಉಪಗ್ರಹ ಹುಡುಕತೊಡಗಿತು. ನಾಲ್ಕೈದು ನಿಮಿಷ. ಅಷ್ಟು ಉದ್ದದ ನಿಮಿಷಗಳನ್ನು ಅವಳು ಕಂಡಿರಲಿಲ್ಲ. ಒಂದು ಕೈಯಲ್ಲಿ ಅವನ ಚೀಲದ ಪಟ್ಟಿ ಹಿಡಿದು, ಯಂತ್ರಕ್ಕೆ ಗಾಳಿ ತಾಗದಂತೆ ನಿಂತಿದ್ದೇನೆ ಎಂದಳು. ಅವನು ಬಗ್ಗಿದಾಗ ಅಂಗಿಯೊಳಗಿನ ದಿಕ್ಸೂಚಿ ಹೊರಗೆ ತೂಗಿತು.

ಪರದೆಯ ಮೇಲೆ ಅಂಕಿಗಳು ಬಂದವು. ನಕಾಶೆಯನ್ನು ತೊಡೆಯ ಮೇಲೆ ಹರಡಿ, ತೇವದ ಬೆರಳನ್ನು ಗೆರೆಯ ಮೇಲೆ ಆಡಿಸಿದಳು. ಮೊದಲು ಅಡ್ಡಗೆರೆ, ಆಮೇಲೆ ಉದ್ದಗೆರೆ. ಬೆರಳು ಹೋಗಿ ನಿಂತದ್ದು ಎತ್ತರದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಕಂದು ಪಟ್ಟಿಯಾಗಿದ್ದ ಕಡೆ, ಪೂರ್ವದ ಪ್ರಪಾತದ ಅಂಚಿನಲ್ಲಿ. ಅಲ್ಲಿಯವರೆಗೆ ಅವಳ ಮನಸ್ಸಿನ ಒಂದು ಮೂಲೆಯಲ್ಲಿ, ಅವನೇ ಸರಿಯಿದ್ದು ತನಗೇ ತಲೆ ಕೆಟ್ಟಿರಲಿ ಎಂಬ ಆಸೆಯಿತ್ತು. ಅದೂ ಹೋಯಿತು.

ರೀಡಿಂಗ್ ಆಯಿತು, ಈಗ ಕೋಲು ನೀವು ಹಿಡಿಯಿರಿ, ನನ್ನ ಕೈ ಸೋತಿದೆ ಎಂದಳು. ಮಡಿಸಿದ ಅಳತೆಗೋಲಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತನ್ನ ಕೈಯಲ್ಲಿ. ಕೊರಳಿನ ದಿಕ್ಸೂಚಿಯನ್ನು ಬಿಚ್ಚಿಕೊಂಡಾಗ ಅವನು ತಡೆಯಲಿಲ್ಲ. ಯಂತ್ರ ಮುಕ್ಕಾಲಿಗಳನ್ನು ತಾನೇ ಹೊತ್ತು, ದುರ್ಬೀನಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಗಾಳಿಗೆ ಮುಖ ಕೊಟ್ಟು ಪಶ್ಚಿಮಕ್ಕೆ ಹೆಜ್ಜೆಯಿಟ್ಟಳು.

ಅರ್ಧ ಮೈಲಿಯೂ ಹೋಗಿರಲಿಲ್ಲ, ಅವನು ಕುಳಿತುಬಿಟ್ಟ. ದಾರಿ ತಪ್ಪು, ಇದು ಗಣಿಯ ದಾರಿಯಲ್ಲ, ಎಮ್ಲಿನ್ ಕಾಯುತ್ತಾನೆ, ತಾನು ಬರುವುದಿಲ್ಲ ಎಂದ. ಸಣ್ಣ ಮಳೆ ಹಿಡಿದಿತ್ತು. ಅವನ ತುಟಿ ನೀಲಿಗಟ್ಟುತ್ತಿತ್ತು. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ ಎಂದು ಗೊತ್ತಿದ್ದೂ ಅವಳು ತೆಗೆದು ನೋಡಿದಳು. ಅವನನ್ನು ಬಿಟ್ಟು ಓಡಿ ಸಹಾಯ ತರಬಹುದು. ಆದರೆ ಬಿಟ್ಟ ಜಾಗದಲ್ಲಿ ಅವನು ಇರುತ್ತಾನೆಯೇ? ಅವಳು ಅವನ ಮುಂದೆ ಕುಕ್ಕರಿಸಿ, ಪಟ್ಟಿ ಹೇಳಿ, ನನಗೆ ಮರೆತುಹೋಗಿದೆ ಎಂದು ಕೇಳಿದಳು.

"ಯಾವ ಪಟ್ಟಿ?"

"ಎತ್ತರದ ಪಟ್ಟಿ. ಮೇಲಿಂದ."

"ಎರ್ ವಿದ್ವ" ಎಂದ ಯೋರ್ವರ್ತ್, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಸಾವಿರದ ಎಂಬತ್ತೈದು."

ಕೋಲು ಜಗ್ಗಿದಳು. ಅವನು ಎದ್ದ. ಗಾರ್ನೆಡ್ ಇಗೈನ್, ಸಾವಿರದ ಅರವತ್ತೈದು. ಕಾರ್ನೆಡ್ ಲೆವೆಲಿನ್, ಸಾವಿರದ ಅರವತ್ನಾಲ್ಕು. ಒಂದೊಂದು ಹೆಸರಿಗೂ ಹತ್ತಿಪ್ಪತ್ತು ಹೆಜ್ಜೆ. ಕಾರ್ನೆಡ್ ಡಾವಿಡ್, ಗ್ಲಿಡರ್ ವೌರ್, ಗ್ಲಿಡರ್ ವಾಖ್, ಪೆನ್ ಅರ್ ಓಲೆ ವೆನ್. ಬೆಳಗ್ಗೆ ಎರಡು ಅಂಕಿಗಳನ್ನು ಸರಿಯಾಗಿ ಓದಲಾರದವನು ಬೆಟ್ಟಗಳ ಎತ್ತರವನ್ನು ಒಂದೂ ತಪ್ಪದೆ ಹೇಳುತ್ತ ಬಂದ. ಅವಳಿಗೆ ಅದರಿಂದ ಸಂತೋಷವಾಗಲಿಲ್ಲ, ಭಯವೇ ಹೆಚ್ಚಾಯಿತು. ಪಟ್ಟಿ ಎಲ್ಲಾದರೂ ತುಂಡಾದರೆ ಏನು ಮಾಡುವುದೆಂದು ಅವಳಿಗೆ ಹೊಳೆಯುತ್ತಿರಲಿಲ್ಲ.

ತುಂಡಾದದ್ದು ಮೂವತ್ತನೆಯ ಹೆಸರಿನ ಆಸುಪಾಸಿನಲ್ಲಿ. ಒಂದು ಹೆಸರು ಅರ್ಧಕ್ಕೆ ನಿಂತಿತು, ಕೋಲು ಹಗುರವಾಯಿತು. ತಿರುಗಿ ನೋಡಿದರೆ ಅವನಿಲ್ಲ.

ಅವಳು ನಿಂತಲ್ಲೇ ನಿಂತಳು. ಒಂದು ಹೆಜ್ಜೆ ಅತ್ತಿತ್ತ ಹೋದರೂ ತಾನು ನಿಂತ ಜಾಗವೂ ಕಳೆದುಹೋಗುತ್ತದೆ ಎನಿಸಿತು. ಹೆಸರು ಹಿಡಿದು ಕೂಗಿದಳು. ಮಂಜು ದನಿಯನ್ನು ಬಾಯಿಯ ಹತ್ತಿರವೇ ನುಂಗಿತು. ಚೀಲದ ಪಟ್ಟಿಗೆ ಕಟ್ಟಿದ್ದ ಸೀಟಿಯನ್ನು ಊದಿದಳು, ಆರು ಸಲ, ನಿಲ್ಲಿಸಿ ಮತ್ತೆ ಆರು ಸಲ. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಮಾರೆಡ್‌ಳಿಗೆ ಏನೆಂದು ಹೇಳಲಿ ಎಂಬ ಯೋಚನೆ ಬಂತು. ಮಾರೆಡ್ ಅವನ ಮಗಳು. ಬೆಳಗ್ಗೆ ಬೂಟಿನ ದಾರ ಕಟ್ಟುತ್ತ ಬಗ್ಗಿದ್ದು ನೆನಪಾಯಿತು. ಆಗಲೇ ಬಾಯಿಬಿಟ್ಟಿದ್ದರೆ! ಮೂರನೆಯ ಸಲ ಊದಿ ಮುಗಿಸಿದಾಗ ಬಲಗಡೆಯಿಂದ, ತೀರ ಹತ್ತಿರದಿಂದ, ಮೆಲ್ಲಗೆ ಒಂದು ದನಿ ಬಂತು.

"ಅಷ್ಟು ಜೋರಾಗಿ ಊದ್ಬೇಡ. ಕುರಿ ಹೆದರ್ತವೆ."

ಅವನು ಒಂದು ಹಳೆಯ ಕಲ್ಲುಗೋಡೆಗೆ ಒರಗಿ ನಿಂತಿದ್ದ, ಆರು ಹೆಜ್ಜೆ ದೂರದಲ್ಲಿ. ಅದು ಬೆಟಿಯ ಮೇಲುಗಡೆಯ ದೊಡ್ಡಿಯ ಗೋಡೆ. ಟೆಗ್ವೆನ್ ಹೋಗಿ ಅವನ ಕೋಟಿನ ಬೆಲ್ಟಿಗೆ ತನ್ನ ಚೀಲದ ಹಗ್ಗ ಗಂಟುಹಾಕಿದಳು. ಅವನು ಗಂಟು ಹಾಕುವ ಅವಳ ಕೈಗಳನ್ನು ನೋಡುತ್ತ ನಿಂತಿದ್ದ. ಗೋಡೆಯನ್ನು ಸವರಿಕೊಂಡು ಇಳಿದರು. ಅರ್ಧದಾರಿಯಲ್ಲಿ ಬೆಟಿಯ ನಾಯಿ ಬೊಗಳಿತು. ಹಿಂದೆಯೇ ಬೆಟಿ, ತಲೆಯ ಮೇಲೆ ಗೋಣಿಚೀಲ ಹೊದ್ದು ಮೇಲೆ ಬರುತ್ತಿದ್ದಳು. ಬೆಳಗ್ಗೆ ಅವನು ತನ್ನ ತಾಯಿಯ ಹೆಸರಿನಲ್ಲಿ ಕರೆದದ್ದು ಮನಸ್ಸಿಗೆ ಹತ್ತಿ, ಮಂಜು ಇಳಿದಾಗಿನಿಂದ ಎರಡು ಸಲ ಹೊರಗೆ ಬಂದು ಕಿವಿಗೊಟ್ಟಿದ್ದಳಂತೆ. ಈ ಸಲ ಸೀಟಿ ಕೇಳಿಸಿತ್ತು.

ಬೆಟಿಯ ಅಡುಗೆಮನೆಯ ಒಲೆಯ ಮುಂದೆ, ಅವಳ ಗಂಡನ ಉಣ್ಣೆಯ ಅಂಗಿ ತೊಟ್ಟು, ಎರಡು ಬಟ್ಟಲು ಕುರಿಮಾಂಸದ ಬಿಸಿ ಸಾರು ಕುಡಿಯುವಷ್ಟರಲ್ಲಿ ಯೋರ್ವರ್ತ್ ಎಲ್ಲಿಂದಲೋ ಮರಳಿ ಬಂದ. ಬೆಟಿಯನ್ನು ಬೆಟಿ ಎಂದೇ ಕರೆದ. ದುರ್ಬೀನಿನ ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ಮೇಲೆ ಬಿಟ್ಟು ಬಂದೆ ಎಂದು ಟೆಗ್ವೆನ್ ಹೇಳಿದಾಗ ಅವನು ಮುಂದಕ್ಕೆ ಕೇಳಲಿಲ್ಲ. ಅವಳು ಅಂಥದ್ದನ್ನು ಬಿಟ್ಟು ಬರುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

ಹೊರಗೆ ಇನ್ನೂ ಬೆಳಕಿತ್ತು. ಕಾರಿನ ಬೀಗದ ಕೈಯನ್ನು ಅವನೇ ತೆಗೆದು ಅವಳಿಗೆ ಕೊಟ್ಟ. ಕವಲು ದಾಟಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದ:

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಇವತ್ತು ಬೆಳಗ್ಗೆಯಿಂದ. ನಿಮಗೆ?"

"ವಸಂತದಿಂದ." ಅವನು ಕೋಟಿನ ಜೇಬಿನಿಂದ ಚೀಟಿಗಳ ಒಂದು ಕಟ್ಟು ತೆಗೆದ. ಮನೆಯ ವಿಳಾಸ, ಮಗಳ ಫೋನು, ಟೆಗ್ವೆನ್ ಎಂಬ ಹೆಸರು, ಅದರ ಕೆಳಗೆ 'ಕೋಲು ಹಿಡಿಯುವವಳು, ವ್ಯಾನು' ಎಂದು ಬರೆದಿತ್ತು. "ಇದೊಂದು ಬೆಟ್ಟ ಮುಗಿಸಿಬಿಡೋಣ ಅಂತಿದ್ದೆ. ಯಾರಿಗೂ ಹೇಳದೆ. ನಿನ್ನ ಕೂಡ ಸಾಯಿಸ್ತಿದ್ದೆನಲ್ಲ ನಾನು."

ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಎಂಜಿನ್ ಆರಿಸಿ ಕೈಗಳನ್ನು ಮಡಿಲಿಗಿಳಿಸಿದಳು. ಅವನು ತನ್ನ ದೊಡ್ಡ ಅಂಗೈಯನ್ನು ಅವಳ ಕೈಗಳ ಮೇಲಿಟ್ಟ. ಮಾರೆಡ್‌ಗೆ ಹೇಳಬೇಡ ಎಂದ. ಅವಳು ಮತ್ತೆ ಕಾರು ಹೊರಡಿಸಿದಳು.

ಮರುದಿನ ಮಾರೆಡ್‌ಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಆಸ್ಪತ್ರೆ, ಪರೀಕ್ಷೆ, ಕಾರಿನ ಬೀಗದ ಕೈ ಮಗಳ ವಶ, ಎಲ್ಲವೂ ಒಂದರ ಹಿಂದೊಂದು ಆದವು. ಯೋರ್ವರ್ತ್ ಟೆಗ್ವೆನ್‌ಳ ಜೊತೆ ಮಾತು ಬಿಟ್ಟ. ಚಳಿಗಾಲವೆಲ್ಲ ಅವಳ ವ್ಯಾನು ಅವನ ಬೀದಿಯಲ್ಲಿ ನಿಂತಾಗ ಅವನ ಮನೆಯ ಪರದೆ ಎಳೆದಿರುತ್ತಿತ್ತು. ದುರ್ಬೀನಿನ ಪೆಟ್ಟಿಗೆಯನ್ನು ಬೆಟಿಯ ಗಂಡ ಹುಡುಕಿ ತಂದುಕೊಟ್ಟಿದ್ದ. ಅದು ಅಂಚಿನಿಂದ ಒಂದೂವರೆ ಮೊಳ ದೂರದಲ್ಲಿತ್ತಂತೆ. ಆ ಮಾತು ಕೇಳಿದ ಮೇಲೆ ಅವಳು ಬಹಳ ದಿನ, ಮನೆಯ ಮೆಟ್ಟಿಲಿಳಿಯುವಾಗಲೂ ಕೈಹಿಡಿ ಬಿಡುತ್ತಿರಲಿಲ್ಲ.

ಮಾರ್ಚಿನಲ್ಲಿ ಮಾರೆಡ್ ತಾನಾಗಿಯೇ ವ್ಯಾನಿಗೆ ಬಂದಳು. ಅಪ್ಪ ದಿನಕ್ಕೆ ಹತ್ತು ಸಲ ಮೊಯೆಲ್ ಗೆರ್ವಿನ್ ಏನಾಯಿತು ಎಂದು ಕೇಳುತ್ತಾನೆ, ಉತ್ತರ ಹೇಳಲು ತನ್ನ ಬಳಿ ಏನೂ ಇಲ್ಲ, ಉಳಿದ ಅಳತೆ ಮುಗಿಸಬಹುದೇ ಎಂದಳು. ಟೆಗ್ವೆನ್‌ಗೆ ಆ ಬೆಟ್ಟದ ಹೆಸರು ಕೇಳುವುದೂ ಬೇಡವಾಗಿತ್ತು. ಆದರೂ ಒಂದು ಭಾನುವಾರ ಇಬ್ಬರೂ ಹತ್ತಿದರು. ಮೋಡದ ಚೂರಿಲ್ಲದ ದಿನ, ಸಮುದ್ರದವರೆಗೂ ಕಾಣುತ್ತಿತ್ತು. ತಗ್ಗಿನಲ್ಲಿ ಎರಡು ಗಂಟೆ ಯಂತ್ರದ ಪಕ್ಕ ಕುಳಿತಿದ್ದಷ್ಟು ಹೊತ್ತೂ ಅವಳು ಪೂರ್ವದ ಕಡೆ ಬೆನ್ನು ಮಾಡಿರಲಿಲ್ಲ. ಮಾರೆಡ್ ಚಿತ್ರ ತೆಗೆಯಲೆಂದು ಅತ್ತ ನಾಲ್ಕು ಹೆಜ್ಜೆ ಹೋದಾಗ, ಟೆಗ್ವೆನ್ ತನಗೇ ಗೊತ್ತಿಲ್ಲದೆ ಎದ್ದು ಅವಳ ತೋಳು ಹಿಡಿದುಕೊಂಡಿದ್ದಳು.

ಲೆಕ್ಕ ಬಂದ ಸಂಜೆ ಟೆಗ್ವೆನ್ ತಾನೇ ಯೋರ್ವರ್ತನಿಗೆ ಫೋನು ಮಾಡಿದಳು. ಎತ್ತುವುದಿಲ್ಲ ಎಂದುಕೊಂಡಿದ್ದಳು. ಎತ್ತಿದ.

ನೆತ್ತಿ ಆರುನೂರ ಹತ್ತು ಬಿಂದು ಎರಡು ಎಂದಳು. ತಗ್ಗು ಐನೂರ ಎಂಬತ್ತು ಬಿಂದು ಒಂಬತ್ತು. ಆ ಕಡೆ ಉಸಿರಾಟ ಮಾತ್ರ ಕೇಳುತ್ತಿತ್ತು. ಅವನು ಮನಸ್ಸಿನಲ್ಲೇ ಒಂದರಿಂದ ಇನ್ನೊಂದನ್ನು ಕಳೆಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು, ಕಾದಳು.

"ಇಪ್ಪತ್ತೊಂಬತ್ತು ಬಿಂದು ಮೂರು" ಎಂದ ಯೋರ್ವರ್ತ್. "ಎಪ್ಪತ್ತು ಸೆಂಟಿಮೀಟರ್ ಕಡಿಮೆ ಬಿತ್ತು. ಹಾಗಾದ್ರೆ ಪಟ್ಟಿಗೆ ಸೇರಲ್ಲ. ಬರ್ಕೋ."

ಬರೆದುಕೊಂಡೆ ಎಂದಳು. ಬೆಟಿಗೆ ಹೇಳು, ಅವಳ ಕುರಿಗಳು ಗುಡ್ಡದ ಮೇಲೇ ಇರಲಿ ಎಂದು ಅವನು ನಕ್ಕ. ಆ ನಗು ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ಕೇಳಿದ ಮೇಲೆ ತಿಳಿಯಿತು. ಸ್ವಲ್ಪ ಹೊತ್ತು ಮಾರೆಡ್‌ಳ ಮಕ್ಕಳ ಮಾತು ಬಂತು, ಹವೆಯ ಮಾತು ಬಂತು. ಆಮೇಲೆ ಅವನು ದನಿ ತಗ್ಗಿಸಿ, ಹೌದು, ಆ ಮೊಯೆಲ್ ಗೆರ್ವಿನ್ ಏನಾಯಿತು, ಇಳಿತ ಎಷ್ಟು ಬಂತು ಎಂದು ಕೇಳಿದ.

ಟೆಗ್ವೆನ್ ಕುರ್ಚಿಯ ತೋಳನ್ನು ಹಿಡಿದುಕೊಂಡಳು. ಅಂಚಿನಲ್ಲಿ ಕಲ್ಲು ಬಿದ್ದಾಗ ಕಾದಂತೆ ಒಂದು ಗಳಿಗೆ ಕಾದಳು. ಆಮೇಲೆ ಮೊದಲ ಸಲ ಹೇಳುವ ಹಾಗೆಯೇ ಹೇಳಿದಳು. ಆ ಸಂಜೆ ಅವನು ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ಅವಳು ಪುಸ್ತಕ ನೋಡಿಯೇ ಹೇಳಿದಳು.